ಹೆಜ್ಜೆ ಇಲ್ಲದ ಕಣ

ಕಣದ ನಟ್ಟನಡುವೆ ಬಿದ್ದಿದ್ದ ನಿಂಬೆಹಣ್ಣನ್ನು ಮೊದಲು ಕಂಡವಳು ಮೇಘಶ್ರೀ. ಅಣ್ಣ ನಾಗೇಶನಿಗೆ ಊಟ ಬಡಿಸಿ, ಒದ್ದೆ ಕೈಯನ್ನು ದುಪಟ್ಟಾಕ್ಕೆ ಒರೆಸಿಕೊಳ್ಳುತ್ತ ಹೊರಗೆ ಬಂದಾಗ ಅದು ಅಲ್ಲಿತ್ತು. ಒಳಗೆ ಹೋಗುವಾಗ ಇರಲಿಲ್ಲ.

ಹಣ್ಣಿಗೆ ಕುಂಕುಮ ಬಳಿದಿತ್ತು. ಮೈತುಂಬ ಗುಂಡುಸೂಜಿ ಚುಚ್ಚಿ, ಸುತ್ತಲೂ ಕಪ್ಪು ದಾರ ಬಿಗಿದಿತ್ತು. ಆದರೆ ಅವಳ ಎದೆ ಧಸಕ್ಕೆಂದದ್ದು ಹಣ್ಣನ್ನು ನೋಡಿ ಅಲ್ಲ, ಅದರ ಸುತ್ತಲಿನ ಸಾಲುಗಳನ್ನು ನೋಡಿ.

ಜಾವಳಿಯ ಆ ಮನೆಯಲ್ಲಿ ಕಣದ ಕೆಲಸವೆಂದರೆ ಮೇಘಶ್ರೀಯದು. ಅಪ್ಪ ತೀರಿಕೊಂಡ ವರ್ಷ, ಒಂಬತ್ತನೇ ಕ್ಲಾಸಿನ ನಡುವೆ ಶಾಲೆ ಬಿಟ್ಟಾಗಿನಿಂದ ಹಾಗೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಟಾರ್ಪಾಲು ಸರಿಸಿ, ರಾಶಿ ಮಾಡಿದ್ದ ಕಾಫಿ ಹಣ್ಣನ್ನು ಹರಡಿ, ಹಲ್ಲಿನ ಗೋರುಮಣೆಯನ್ನು ಈ ತುದಿಯಿಂದ ಆ ತುದಿಗೆ ಎಳೆದರೆ ಎಣ್ಣೆ ಹಚ್ಚಿ ಬಾಚಿದ ತಲೆಯ ಹಾಗೆ ಸಾಲುಗಳು ಮೂಡುತ್ತಿದ್ದವು. ಆಮೇಲೆ ಮಧ್ಯಾಹ್ನ ಮಗುಚುವ ತನಕ ಕಣವನ್ನು ಯಾರೂ ತುಳಿಯುವಂತಿಲ್ಲ. ಎಷ್ಟೇ ಅವಸರವಿದ್ದರೂ ಅಂಚು ಬಳಸಿಕೊಂಡೇ ಹೋಗಬೇಕು. ಊರಿಡೀ ನಡೆಸಿಕೊಂಡು ಬಂದ ರೂಢಿ ಅದು. ಅದರಿಂದಾಗಿ ಕಣದ ಮೇಲೆ ಏನು ಓಡಾಡಿದರೂ ಮೇಘಶ್ರೀಗೆ ತಿಳಿಯುತ್ತಿತ್ತು. ಕೋಳಿ ನಡೆದರೆ ಹೊಲಿಗೆ ಹಾಕಿದ ಹಾಗೆ, ಮುಂಗುಸಿ ಓಡಿದರೆ ಹಗ್ಗ ಎಳೆದ ಹಾಗೆ.

ಇವತ್ತು ಏನೂ ಇರಲಿಲ್ಲ. ಹಣ್ಣು ಕೂತ ಜಾಗದಲ್ಲಿ ಒಂದು ಸಣ್ಣ ಕುಳಿ. ಯಾರೋ ಮೇಲಿಂದ ಕೈ ಇಳಿಬಿಟ್ಟು ಮೆಲ್ಲಗೆ ಇಟ್ಟ ಹಾಗಿತ್ತು.

"ಅವ್ವಾ" ಎಂದಳು. ಎರಡನೇ ಸಲ ಕರೆದಾಗ ತುಂಗಮ್ಮ ಬಂದರು, ನೋಡಿದರು, ಬಾಗಿಲ ಕಂಬ ಹಿಡಿದುಕೊಂಡರು. ನಾಗೇಶ ಎಂಜಲು ಕೈಯಲ್ಲೇ ಓಡಿಬಂದ.

"ಯಾರು ಬಂದಿದ್ರೇ ಇಲ್ಲಿ?"

"ಯಾರೂ ಇಲ್ಲಣ್ಣ."

"ಸರಿ ನೋಡು ಮಾರಾಯ್ತಿ. ಗಾಳಿಲಿ ಹಾರ್ಕಂಡು ಬಂತಾ ಮತ್ತೆ?"

"ನೋಡ್ದೆ. ಒಂದು ಸಾಲೂ ಮುರಿದಿಲ್ಲ. ಮನುಷ್ಯರು ಬಂದಿಲ್ಲ."

ಆ ಕೊನೆಯ ಮಾತನ್ನು ಅವಳು ಯೋಚಿಸಿ ಆಡಿದ್ದಲ್ಲ. ಆದರೆ ಮಾತು ಕಡಿಮೆಯ ಹುಡುಗಿಯ ಬಾಯಿಂದ ಬಂದದ್ದಕ್ಕೋ ಏನೋ, ಅದಕ್ಕೊಂದು ತೂಕ ಬಂತು. ತುಂಗಮ್ಮ ಅದನ್ನೇ ಪಿಸುಗುಟ್ಟಿದರು: "ಮನುಷ್ಯರು ಬಂದಿಲ್ಲ." ಕೆಳಗಿನ ಹಳ್ಳದಲ್ಲಿ ಸ್ಪ್ರಿಂಕ್ಲರಿನ ಡೀಸೆಲ್ ಮೋಟಾರು ಬೆಳಗಿನಿಂದ ಬಡಿದುಕೊಳ್ಳುತ್ತಲೇ ಇತ್ತು.

ಅಷ್ಟರಲ್ಲಿ ಹಣ್ಣು ಕೊಯ್ಯುತ್ತಿದ್ದ ದ್ಯಾವಮ್ಮ ಚೀಲ ಹೊತ್ತುಕೊಂಡು ಮೇಲೆ ಬಂದಳು. ಮೇಘಶ್ರೀ ಹುಟ್ಟುವ ಮೊದಲಿನಿಂದಲೂ ಆ ತೋಟದ ಕೆಲಸಕ್ಕೆ ಬರುತ್ತಿದ್ದವಳು. ಗಂಡ ಬಿಟ್ಟು ಹೋದಾಗ ಮೇಘಶ್ರೀಯ ಅಪ್ಪನೇ ತೋಟದ ಮೂಲೆಯಲ್ಲಿ, ರಸ್ತೆ ಪಕ್ಕ, ಅವಳಿಗೆ ಎರಡು ಕೋಣೆಯ ಹಂಚಿನ ಮನೆ ಕಟ್ಟಿಕೊಟ್ಟಿದ್ದರು. ಊರ ಮಕ್ಕಳು ರಚ್ಚೆ ಹಿಡಿದರೆ ಉಪ್ಪು ಮೆಣಸು ಇಳಿಸಿ ದೃಷ್ಟಿ ತೆಗೆಯುತ್ತಿದ್ದವಳೂ ಅವಳೇ.

"ಎಂತ ಎಲ್ಲ ಬೇಲಿ ಗೂಟದಂಗೆ ನಿಂತಿರಿ?" ಎಂದು ಚೀಲ ಇಳಿಸಿ, ಅವರು ನೋಡುತ್ತಿದ್ದ ಕಡೆ ನೋಡಿದಳು. ತುದಿಗಾಲಲ್ಲಿ ಕಣಕ್ಕೆ ಇಳಿದು, ಬರಿಗೈಯಲ್ಲಿ ಹಣ್ಣು ಎತ್ತಿಕೊಂಡಳು.

"ಮುಟ್ಬೇಡ್ವೇ ದ್ಯಾವಿ!" ತುಂಗಮ್ಮ ಕಿರುಚಿದರು.

"ಮುಟ್ಟದೆ ಎಂತ ಮಾಡದು ಅಕ್ಕ? ಇಲ್ಲೇ ಬೇರು ಬಿಡ್ಲಿ ಅಂತನಾ?"

ಹಳ್ಳಕ್ಕೆ ಎಸೆದು, ಕೈಕಾಲು ತೊಳೆದು ಬಂದು, ಅಡಿಗೆಮನೆಯ ಕಿಟಕಿಯಲ್ಲಿ ಇರುತ್ತಿದ್ದ ತನ್ನ ಸ್ಟೀಲ್ ಲೋಟ ತೆಗೆದುಕೊಂಡು ಕಾಫಿ ಕೇಳಿದಳು. ಅವತ್ತು ಆ ಮನೆಯಲ್ಲಿ ಹಸಿವಿದ್ದದ್ದು ಅವಳೊಬ್ಬಳಿಗೆ.

ಅದೇ ವಾರ ಪಂಚಾಯ್ತಿ ಹಾಲಿನಲ್ಲಿ ಪೊಲೀಸರು ಮೀಟಿಂಗ್ ಕರೆದರು. ಯಾರೋ ಪ್ರವಾಸಿಗರು ಆನೆ ಹಿಂಡಿನ ಮೇಲೆ ಡ್ರೋನ್ ಹಾರಿಸಿದ್ದರಿಂದ ಬೆದರಿದ ಆನೆಗಳು ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ನಡುವೆ ನುಗ್ಗಿದ್ದವು. ಜೀವ ಹೋಗಿರಲಿಲ್ಲ ಅನ್ನುವುದೊಂದೇ ಪುಣ್ಯ. ಆನೆ ವಿಷಯವೆಂದು ಮನೆಗೊಬ್ಬರಾದರೂ ಹೋದರು. ನಾಗೇಶನಿಗೆ ಜ್ವರ ಹಿಡಿದಿದ್ದರಿಂದ ತುಂಗಮ್ಮನ ಜೊತೆ ಮೇಘಶ್ರೀ ಹೋಗಿ ಹಿಂದಿನ ಸಾಲಿನಲ್ಲಿ ಕೂತಳು.

ಸಬ್ ಇನ್ಸ್‌ಪೆಕ್ಟರ್ ಮೃದುವಾಗಿ ಮಾತಾಡುವ ಮನುಷ್ಯ. ಡ್ರೋನ್ ಇರುವವರೆಲ್ಲ ನಂಬರ್ ಮಾಡಿಸಬೇಕು, ಆ ನಂಬರನ್ನು ಅದರ ಮೈಮೇಲೆ ಅಂಟಿಸಬೇಕು, ಕಾಡಿನ ಮೇಲೆ ಹಾರಿಸಬಾರದು, ಕೇಳದೆ ಬೇರೆಯವರ ಮನೆ ಮೇಲೆ ಹಾರಿಸಬಾರದು ಎಂದೆಲ್ಲ ಹೇಳಿದರು.

ಮುಂದಿನ ಸಾಲಿನಿಂದ ಧರ್ಮೇಶ ಎದ್ದುನಿಂತ. ತುಂಗಮ್ಮನ ತೋಟದ ಮೇಲಿನ ಗುಡ್ಡದಲ್ಲಿ ಹೋಮ್‌ಸ್ಟೇ ಇಟ್ಟವನು ಅವನು. ಹಳ್ಳದ ಮೋಟಾರೂ ಅವನದೇ.

"ಸರ್, ನಂದು ಆಗಲೇ ಮಾಡ್ಸಿ ಆಯ್ತು. ನೋಡಿ" ಎಂದು ಅಂಗೈಯಗಲದ ಬೂದು ಬಣ್ಣದ ಡ್ರೋನನ್ನು ಎತ್ತಿ ತೋರಿಸಿದ. ಹೊಟ್ಟೆಯ ಮೇಲೆ ನಂಬರಿನ ಚೀಟಿ ಇತ್ತು. "ಇಷ್ಟು ಸಣ್ಣದಕ್ಕೆ ಹಾರಿಸೋ ಲೈಸೆನ್ಸೂ ಬೇಡ ಅಂತಾರೆ. ಆದ್ರೂ ನಾನು ಟ್ರೈನಿಂಗ್ ತಗಂಡೆ. ಎಲ್ರೂ ರೂಲ್ಸ್ ಪ್ರಕಾರ ಹೋದ್ರೆ ಯಾರಿಗೆ ತಾಪತ್ರಯ ಹೇಳಿ?"

ಎಲ್ಲರೂ ಚಪ್ಪಾಳೆ ಹೊಡೆದರು. ಅವನು ಹಾಗೆಯೇ. ಸಾವಾದರೆ ಸೌದೆ ಕಳಿಸುವವನು, ಮದುವೆಯಾದರೆ ಜೀಪು ಕೊಡುವವನು. ಹೋದ ವರ್ಷ ಅವನು ತುಂಗಮ್ಮನ ಹತ್ತಿರ ಹೋಮ್‌ಸ್ಟೇಗೆ ನೇರ ರಸ್ತೆ ಮಾಡಿಕೊಳ್ಳಲು ತೋಟದ ಮೂಲೆ ಕೇಳಿದ್ದ. ದ್ಯಾವಮ್ಮನ ಮನೆ ಇರುವ ಮೂಲೆ. "ದ್ಯಾವಿ ಇರೋ ತನಕ ಆ ಮಾತು ಬೇಡ ಧರ್ಮೇಶ" ಎಂದಿದ್ದರು ತುಂಗಮ್ಮ. ಅವನು ಮುಖ ಕೂಡ ಕೆಡಿಸಿಕೊಳ್ಳದೆ ನಕ್ಕು, ಇನ್ನೊಂದು ಲೋಟ ಕಾಫಿ ಕೇಳಿ ಕುಡಿದು ಹೋಗಿದ್ದ.

ಎರಡನೇ ಸಲ ಬಿದ್ದದ್ದು ಬಟ್ಟೆಯ ಗೊಂಬೆ. ಮೂರನೇ ಸಲ ಕೂದಲು, ಒಡೆದ ಬಳೆ ಕಟ್ಟಿದ ಕೆಂಪು ಗಂಟು. ಪ್ರತಿ ಸಲವೂ ಮಟಮಟ ಮಧ್ಯಾಹ್ನ, ಪ್ರತಿ ಸಲವೂ ಸಾಲುಗಳು ಹಾಗೆ ಹಾಗೇ. ನಾಗೇಶನ ಜ್ವರ ಇಳಿಯಿತು, ಮತ್ತೆ ಏರಿತು. ಗಬ್ಬದ ಹಸು ಕಂದು ಹಾಕಿತು. ಬೇರೆ ವರ್ಷವಾಗಿದ್ದರೆ ಜ್ವರ ಜ್ವರವೇ, ಹಸು ಹಸುವೇ. ಈಗ ಎಲ್ಲಕ್ಕೂ ಒಂದೇ ಬೇರು ಕಾಣತೊಡಗಿತು. ಹೆಂಗಸರು ಬಂದು ಕಣದ ಅಂಚಿನಲ್ಲಿ ನಿಂತು ನೋಡಿ, ಹೋಗುವಾಗ ದಾರಿಯಲ್ಲಿ ಉಗಿದು ಹೋಗುತ್ತಿದ್ದರು.

ಮೇಘಶ್ರೀಗೆ ಸಾಲು ಎಳೆಯುವುದೇ ಭಯವಾಯಿತು. ಗೋರುಮಣೆ ಎಳೆಯುತ್ತ ಹಿಂದೆ ಹಿಂದೆ ಹೆಜ್ಜೆ ಇಡುವಾಗ ಬೆನ್ನಿಗೆ ಏನೋ ತಾಗಿದ ಹಾಗಾಗಿ ತಿರುಗಿ ನೋಡುವಳು. ಬಿಸಿಲು, ಕಾಫಿ ಹಣ್ಣಿನ ಹುಳಿ ವಾಸನೆ, ನೊಣ. ಅಷ್ಟೇ. ಕಣವನ್ನು ಕಾಯುತ್ತ ಜಗುಲಿಯಲ್ಲಿ ಕೂತರೆ ಏನೂ ಬೀಳುತ್ತಿರಲಿಲ್ಲ. ನೀರು ಕುಡಿಯಲು ಒಳಗೆ ಹೋಗಿ ಬಂದರೆ ಬಿದ್ದಿರುತ್ತಿತ್ತು. ತನ್ನನ್ನೇ ಯಾವುದೋ ಕಣ್ಣು ನೋಡುತ್ತ, ತಾನು ಎದ್ದುಹೋಗುವುದನ್ನೇ ಕಾಯುತ್ತಿದೆ ಎಂದು ಅವಳಿಗೆ ಖಾತ್ರಿಯಾಯಿತು. ಅದೊಂದು ವಿಷಯದಲ್ಲಿ ಅವಳು ತಪ್ಪಿರಲಿಲ್ಲ.

ತುಂಗಮ್ಮ ಘಾಟಿ ಕೆಳಗೆ ಯಾರೋ ಕವಡೆ ಹಾಕಿ ಪ್ರಶ್ನೆ ನೋಡುವವನ ಬಳಿ ಹೋಗಿಬಂದರು. "ಈ ಮನೆ ಅನ್ನ ಉಂಡ ಕೈಯೇ" ಎಂದನಂತೆ ಅವನು. ಎಲ್ಲರಿಗೂ ಹೇಳುವ ಮಾತು ಅದು. ಆದರೆ ಮನೆಗೆ ಬರುವಷ್ಟರಲ್ಲಿ ಅದಕ್ಕೊಂದು ಹೆಸರು ಅಂಟಿತ್ತು.

"ಹೆದರ್ಕೆ ಇಲ್ದೆ ಬರಿಗೈಲಿ ಎತ್ತಿದ್ಳಲ್ಲ" ಎಂದಳು ಕೆಳಮನೆಯವಳು. "ತೆಗಿಯಕ್ಕೆ ಬರೋಳಿಗೆ ಹಾಕಕ್ಕೆ ಬರಲ್ವಾ ತುಂಗಕ್ಕ?"

"ಸುಮ್ನಿರೇ. ನಮ್ ದ್ಯಾವಿ ಅಂತೋಳಲ್ಲ."

"ಅಂತೋಳಲ್ಲ ಅಂತ ನಾನೂ ಹೇಳ್ತೀನಿ. ಆದ್ರೆ ನಿಮ್ ಮೇಘನೇ ಹೇಳಿದ್ದಲ್ವಾ, ಹೆಜ್ಜೆನೇ ಇಲ್ಲ, ಮನುಷ್ಯರು ಬಂದಿಲ್ಲ ಅಂತ? ಮತ್ತೆ ಯಾರನ್ನ ಕಳ್ಸಿದ್ಳು?"

ಒಳಗೆ ಅಕ್ಕಿ ಆರಿಸುತ್ತಿದ್ದ ಮೇಘಶ್ರೀಯ ಕೈ ನಿಂತಿತು. ತಾನು ನೋಡಿದ್ದು ಸುಳ್ಳಲ್ಲ. ಹೆಜ್ಜೆ ಇರಲಿಲ್ಲ. ಹೊರಗೆ ಹೋಗಿ ಇನ್ನೇನಾದರೂ ಹೇಳಬೇಕೆನಿಸಿತು. ಮತ್ತೆ ಅಕ್ಕಿಯಲ್ಲಿ ಕಲ್ಲು ಹುಡುಕತೊಡಗಿದಳು.

ತುಂಗಮ್ಮ ದ್ಯಾವಮ್ಮನಿಗೆ ಒಂದು ಕಟು ಮಾತೂ ಆಡಲಿಲ್ಲ. ಕೆಲಸಕ್ಕೆ ಬರಬೇಡ ಎನ್ನಲಿಲ್ಲ. ಮಾರನೇ ದಿನ ಕಾಫಿಯನ್ನು ಅವಳ ಸ್ಟೀಲ್ ಲೋಟಕ್ಕೆ ಹಾಕದೆ ಪೇಪರ್ ಕಪ್ಪಿಗೆ ಹಾಕಿ, ಕಟ್ಟೆಯ ಮೇಲೆ ಇಟ್ಟು ಒಳಗೆ ಹೋದರು. ದ್ಯಾವಮ್ಮ ಕಪ್ಪನ್ನು ನೋಡಿದಳು. ಕಿಟಕಿಯನ್ನು ನೋಡಿದಳು. ಲೋಟ ಅಲ್ಲಿರಲಿಲ್ಲ. ಕಾಫಿ ಕುಡಿದಳು, ಕಪ್ಪನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಅದನ್ನು ಮುಟ್ಟುವ ಕೆಲಸ ಯಾರಿಗೂ ಉಳಿಯದಿರಲಿ ಎಂದೇ ಇರಬೇಕು.

ಆಮೇಲೆ ಕಣದ ಅಂಚಿಗೆ ಬಂದು ಮೇಘಶ್ರೀಯ ಪಕ್ಕ ನಿಂತಳು.

"ಮಗ, ನೀ ಸರಿ ನೋಡಿದ್ಯಲ್ಲ? ನಿಜವಾಗ್ಲೂ ಹೆಜ್ಜೆ ಇರ್ಲಿಲ್ವಾ?"

"ಇರ್ಲಿಲ್ಲ ದ್ಯಾವಮ್ಮ."

"ಹಂಗಾರೆ ಎಂತದೋ ಇದೆ ಬಿಡು" ಎಂದಳು ಮುದುಕಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳೂ ಹೆದರಿದ್ದಳು. ಎರಡು ದಿನ ಕಳೆದು ನೋಡಿದರೆ ಮೂಲೆಮನೆಗೆ ಬೀಗ. ಕಳಸದ ಆಚೆ, ತಂಗಿಯ ಮಗಳು ದೇವೀರಮ್ಮನ ಮನೆಗೆ ಹೋದಳಂತೆ ಎಂದು ಬಾಡಿಗೆ ಜೀಪಿನವನು ಹೇಳಿದ. ಊರು ಉಸಿರು ಬಿಟ್ಟಿತು. ಆದರೆ ಮುಂದಿನ ಸೋಮವಾರ ಕಣದಲ್ಲಿ ಮತ್ತೊಂದು ನಿಂಬೆಹಣ್ಣು ಬಿತ್ತು. "ನೋಡಿದ್ರಾ, ಕಳಸದಿಂದ ಕೂತ್ಕಂಡೇ ಮಾಡ್ತಾಳೆ" ಎಂದರು ಜನ. ದೂರ ಹೋದದ್ದರಿಂದ ಊರಿನ ಭಯದಲ್ಲಿ ದ್ಯಾವಮ್ಮ ಇನ್ನೂ ದೊಡ್ಡವಳಾದಳು.

ಕೊಟ್ಟಿಗೆಹಾರದಲ್ಲಿ ನೆಂಟರ ಮದುವೆ. ತಾಳಿ ಕಟ್ಟುವ ಹೊತ್ತಿಗೆ ವಾಲಗದ ನಡುವೆ ಎಲ್ಲರೂ ತಲೆಯೆತ್ತಿ "ಓ" ಎಂದರು. ಬಾಗಿಲ ಕಡೆಯಿಂದ ಒಂದು ಡ್ರೋನ್ ಜನರ ತಲೆ ಮೇಲೆ ತೇಲುತ್ತ ಬಂತು. ಅದರ ಹೊಟ್ಟೆಯ ಕೆಳಗೆ ಒಂದು ಕೊಕ್ಕೆಗೆ ಸಿಕ್ಕಿಸಿದ ಕೆಂಪು ರೇಶಿಮೆ ಚೀಲ. ಮದುಮಗನ ಮುಂದೆ ಹೋಗಿ ನಿಂತಿತು. ಕೊಕ್ಕೆ ಬಾಯಿ ಬಿಟ್ಟಿತು. ತಾಳಿಯ ಚೀಲ ಅವನ ಬೊಗಸೆಗೆ ಬಿತ್ತು. ಎಲ್ಲರೂ ಚಪ್ಪಾಳೆ ಹೊಡೆದರು, ಫೋನು ಎತ್ತಿದರು.

ಮೇಘಶ್ರೀಯ ಕೈಯಲ್ಲಿದ್ದ ಅಕ್ಷತೆ ಹಾಗೇ ಉಳಿಯಿತು.

ಡ್ರೋನ್ ನಡೆಸುತ್ತಿದ್ದವನು ಮೂಡಿಗೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟ ಜುಬೇರ್. ಮದುವೆ ಸೀಸನ್ನಿನಲ್ಲಿ ಫೋಟೋದವರ ಜೊತೆ ಬರುತ್ತಿದ್ದ. ಊಟದ ಹೊತ್ತಿಗೆ ಅವನು ಹೊರಗೆ ಬ್ಯಾಟರಿ ಬದಲಾಯಿಸುತ್ತಿದ್ದಾಗ ಮೇಘಶ್ರೀ ಹತ್ತಿರ ಹೋಗಿ ನಿಂತಳು.

"ಅಣ್ಣ... ಆ ಕೊಕ್ಕೆ, ಡ್ರೋನಿನ ಜೊತೆಗೇ ಬರ್ತದಾ?"

"ಇಲ್ಲಮ್ಮ, ಬೇರೆ ಸಿಗತ್ತೆ. ಆನ್‌ಲೈನಲ್ಲಿ ತರ್ಸಿ ಹಾಕೋದು. ಹೂವು ಉದ್ರಿಸಕ್ಕೆ, ಉಂಗುರ ಕೊಡಕ್ಕೆ."

"ಅದಕ್ಕೂ ನಂಬರ್ ಇರ್ತದಾ?"

ಜುಬೇರ್ ನಕ್ಕ. "ಕೊಕ್ಕೆಗೆ ಯಾರು ನಂಬರ್ ಕೊಡ್ತಾರೆ? ಗಾಡಿಗೆ ನಂಬರ್ ಇದೆ, ಗಾಡಿಲಿ ಎಂತ ತುಂಬ್ತೀರಿ ಅನ್ನೋದಕ್ಕೆ ಇದೆಯಾ? ನಿಮ್ ಊರಿನ ಧರ್ಮೇಶಣ್ಣಂಗೂ ನಾನೇ ಹಾಕ್ಕೊಟ್ಟೆ, ದೀಪಾವಳಿ ಕಳ್ದ ಮೇಲೆ. ಗೆಸ್ಟ್‌ಗಳಿಗೆ ಚಾಕ್ಲೇಟ್ ಇಳಿಸ್ತಾರಂತೆ." ಅವಳ ಮುಖ ನೋಡಿ ನಗು ನಿಲ್ಲಿಸಿದ. "ಎಂತ ಆಯ್ತಮ್ಮ?"

ಅವಳು ಬೆನ್ನು ತಿರುಗಿಸಿ ಹೊರಟಳು. ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಳು. ಹಳ್ಳದ ಮೋಟಾರು ನೆನಪಾಯಿತು. ಅದು ಓಡುವ ದಿನ ಮಾತ್ರ ಬೀಳುತ್ತಿತ್ತು. ಆ ಸದ್ದಿನಲ್ಲಿ ಬೇರೆ ಸದ್ದು ಹೇಗೆ ಕೇಳಬೇಕು? ಹೆಜ್ಜೆಯನ್ನು ನೆಲದ ಮೇಲೆ ಹುಡುಕಿದ್ದಳು ಅವಳು. ಒಂದು ಸಲವಾದರೂ ತಲೆಯೆತ್ತಿ ನೋಡಿರಲಿಲ್ಲ.

ಮತ್ತೆ ಮೋಟಾರು ಸ್ಟಾರ್ಟ್ ಆದ ದಿನ ಅವಳು ಜಗುಲಿಯಿಂದ ಎದ್ದು ಒಳಗೆ ಹೋದಳು. ಹಿತ್ತಲ ಬಾಗಿಲಿನಿಂದ ಹೊರಬಿದ್ದು ಕಾಫಿ ಗಿಡಗಳ ಕೆಳಗೆ ತೆವಳಿಕೊಂಡು ಬಂದು ಕೂತಳು. ಜೊತೆಗೆ ನಾಗೇಶನನ್ನೂ ಕರೆದಿದ್ದಳು. "ಎಂತ ಹುಚ್ಚೇ ನಿಂಗೆ" ಎಂದು ಬಯ್ದುಕೊಂಡೇ ಅವನು ಬಂದಿದ್ದ. ಇರುವೆ ಕಚ್ಚಿತು. ಬಿಸಿಲು ನೆತ್ತಿಗೆ ಬಂತು. ಆಗ ಸಿಲ್ವರ್ ಓಕ್ ಮರಗಳ ತುದಿಯಾಚೆಯಿಂದ ಅದು ಇಳಿಯಿತು. ಬೂದು ಬಣ್ಣದ್ದು, ಕಾಲು ಮಡಚಿದ ಜೇಡದ ಹಾಗೆ. ಮನೆಯ ಬಾಗಿಲ ಎದುರು ಕ್ಷಣ ನಿಂತು ಒಳಗೆ ನೋಡಿತು. ನಿಜಕ್ಕೂ ನೋಡಿತು, ಮುಖ ತಿರುಗಿಸಿ. ಆಮೇಲೆ ಕಣದ ನಡುವೆ ಬಂದು ಕೆಂಪು ಗಂಟನ್ನು ಬಿಟ್ಟು ಮೇಲೆದ್ದು ಹೋಯಿತು. ಸಾಲುಗಳು ಮುರಿಯಲಿಲ್ಲ.

ನಾಗೇಶನ ಫೋನಿನ ವಿಡಿಯೋದಲ್ಲಿ ಎಲೆ, ನಡುಗುವ ಆಕಾಶ, ಒಂದು ಚುಕ್ಕೆ. ಮೋಟಾರಿನ ಸದ್ದು.

ಸ್ಟೇಷನ್ನಿನಲ್ಲಿ ಅದೇ ಸಬ್ ಇನ್ಸ್‌ಪೆಕ್ಟರ್ ವಿಡಿಯೋವನ್ನು ಮೂರು ನಾಲ್ಕು ಸಲ ನೋಡಿದರು. ಧರ್ಮೇಶನನ್ನು ಕರೆಸಿದರು. ಅವನು ಫೈಲ್ ಸಮೇತ ಬಂದು, ಡ್ರೋನನ್ನು ಮೇಜಿನ ಮೇಲಿಟ್ಟು, ತುಂಗಮ್ಮನ ಮಕ್ಕಳನ್ನು ನೋಡಿ ನಿಜವಾಗಿಯೂ ನೊಂದವನ ಹಾಗೆ ಮುಖ ಮಾಡಿದ.

"ಹಾರಿಸಿದ್ದು ಹೌದು ಸರ್. ಚಾಕ್ಲೇಟ್ ಇಳಿಸೋ ಪ್ರಾಕ್ಟೀಸ್ ಮಾಡ್ತಿದ್ದೆ. ಗಾಳಿಗೆ ಇವರ ಕಣದ ಮೇಲೆ ಹೋಗಿದೆ. ಕೇಳ್ದೆ ಹೋಗಿದ್ದು ನಂದೇ ತಪ್ಪು. ರೂಲ್ಸ್ ಏನಿದೆಯೋ ಹಾಕಿ."

"ಚಾಕ್ಲೇಟಲ್ಲ ಅದು, ಕೂದಲು ಕಟ್ಟಿದ ಗಂಟು!" ನಾಗೇಶ ಎದ್ದ.

"ಕೂತ್ಕಳ್ಳೋ ಮಾರಾಯ. ನಮ್ ಮನೆಗೂ ನಿಮ್ ಮನೆಗೂ ನಿನ್ನೆ ಮೊನ್ನೆ ಗುರ್ತಾ? ನಿಮಗೆ ಮಾಟ ಮಾಡಕ್ಕೆ ನಂಗೆ ಎಂತ ಹುಚ್ಚು?"

ಧರ್ಮೇಶನನ್ನು ಹೊರಗೆ ಕೂರಿಸಿ ಸಬ್ ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಕಣ್ಣು ಉಜ್ಜಿದರು. "ನೋಡಮ್ಮ, ನನಗೂ ಗೊತ್ತಾಗ್ತದೆ. ಡ್ರೋನಿಗೆ ರೂಲ್ ಇದೆ. ಮಾಟ ಮಂತ್ರಕ್ಕೂ ಕಾನೂನಿದೆ. ಆದ್ರೆ ಅವನ ಕೈಯಿಂದ್ಲೇ ಆ ಗಂಟು ಬಂತು ಅಂತ ಹೇಳಕ್ಕೆ ಈ ಚುಕ್ಕೆ ಸಾಕಾಗಲ್ಲ. ಕೇಳದೆ ಮನೆ ಮೇಲೆ ಹಾರಿಸಿದ್ದು ಅವನೇ ಒಪ್ಪಿದ್ದಾನೆ. ಅದಕ್ಕೆ ಏನಿದೆಯೋ ಅದು ಆಗ್ತದೆ. ಇನ್ಮೇಲೆ ನಿಮ್ ಕಣದ ಮೇಲೆ ಬರಲ್ಲ. ಅದು ನನ್ನ ಜವಾಬ್ದಾರಿ."

"ದ್ಯಾವಮ್ಮ?" ಎಂದಳು ಮೇಘಶ್ರೀ. ಆ ಕೋಣೆಯಲ್ಲಿ ಅವಳು ಆಡಿದ ಮೊದಲ ಮಾತು.

"ಯಾರಮ್ಮ ಅವ್ರು?"

ಅವಳು ಹೇಳಿದಳು. ತಡವರಿಸಿ, ಆದರೆ ಎಲ್ಲವನ್ನೂ. ಅವರು ಪೂರ್ತಿ ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು. "ಅದಕ್ಕೆ ನಾನು ಏನು ಬರೀಲಿ ಹೇಳು" ಎಂದರು.

ಅವರು ಮಾತಿಗೆ ತಪ್ಪಲಿಲ್ಲ. ಧರ್ಮೇಶ ದಂಡ ಕಟ್ಟಿದ. ಡ್ರೋನ್ ಮತ್ತೆ ಬರಲಿಲ್ಲ. ನಿಯಮ ತಾನು ಮಾಡಬೇಕಾದ್ದನ್ನು ಮಾಡಿ ಮುಗಿಸಿತ್ತು.

ಮನೆಗೆ ಬಂದು ಮೇಘಶ್ರೀ ಅವ್ವನಿಗೆ ಕೈ ಆಡಿಸಿ ವಿವರಿಸಿದಳು. ಜೇಡದ ಹಾಗೆ ಬಂದದ್ದು, ಕೊಕ್ಕೆ ಬಿಚ್ಚಿದ್ದು. ಇಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದೇ ಇಲ್ಲ. ತುಂಗಮ್ಮ ಕಣ್ಣು ಮಿಟುಕಿಸದೆ ಕೇಳಿದರು.

"ನಾಗೇಶನೂ ನೋಡಿದ್ನಾ?"

"ನೋಡ್ದೆ ಅವ್ವ. ಆ ಬೇವರ್ಸಿ ಧರ್ಮೇಶನೇ" ಎಂದ ನಾಗೇಶ.

"ಸರಿ. ಮಿಷನ್ನು ತಂದು ಹಾಕ್ತು" ಎಂದರು ತುಂಗಮ್ಮ. "ಮಂತ್ರಿಸಿ ಕೊಟ್ಟಿದ್ದು ಯಾರು?"

ಮೇಘಶ್ರೀಗೆ ತಕ್ಷಣ ಅರ್ಥವಾಗಲಿಲ್ಲ.

"ಧರ್ಮೇಶಂಗೆ ಅದೆಲ್ಲ ಎಲ್ ಬರ್ತದೆ? ಗುಂಡುಸೂಜಿ ಹಿಂಗೇ ಚುಚ್ಚಬೇಕು, ದಾರ ಹಿಂಗೇ ಸುತ್ಬೇಕು ಅಂತ ಅವನಿಗೆ ಯಾರು ಹೇಳ್ಕೊಟ್ರು? ಹಸು ಕಂದು ಹಾಕಿದ್ದು ಮಿಷನ್ನಿಂದನಾ?"

"ಅವ್ವ, ಅದೆಲ್ಲ ಫೋನಲ್ಲಿ ನೋಡಿದ್ರೂ ಸಿಗ್ತದೆ."

"ಫೋನಲ್ಲಿ ಸಿಗೋದು ನಂಗೆ ಗೊತ್ತಿಲ್ಲ. ಇಷ್ಟು ವರ್ಷ ನನ್ ಅಡಿಗೆಮನೆಲಿ ಕೂತವಳು ಗೊತ್ತು" ಎಂದರು. ಹೇಳುವಾಗ ಅವರ ಗಲ್ಲ ನಡುಗಿತು. ದ್ಯಾವಮ್ಮನನ್ನು ಕಳೆದುಕೊಂಡ ದುಃಖವೂ ಆ ನಡುಕದಲ್ಲಿತ್ತು. ಅದು ಭಯವನ್ನು ಕರಗಿಸುವ ಬದಲು ಗಟ್ಟಿ ಮಾಡಿತ್ತು. ತಾನು ಪೇಪರ್ ಕಪ್ಪು ಇಟ್ಟದ್ದು ಸುಮ್ಮಸುಮ್ಮನೆ ಎಂದು ಒಪ್ಪಿಕೊಳ್ಳುವುದಕ್ಕಿಂತ, ಮುದುಕಿ ಮಾಟಗಾತಿ ಎಂದು ನಂಬುವುದೇ ಅವರಿಗೆ ಸುಲಭವಿತ್ತು.

ಊರೂ ಅಷ್ಟೇ. "ಪಾಪ ಧರ್ಮೇಶ, ಅವನ ತಲೆ ಕೆಡ್ಸಿ ಅವನ ಕೈಲೇ ಹಾಕ್ಸಿದ್ದಾಳೆ" ಎಂದರು ಕೆಲವರು.

ಬೇಸಿಗೆ ಏರಿತು. ಖಾಲಿ ಮನೆಯಲ್ಲಿ ಕೆಟ್ಟದ್ದು ಸೇರಿಕೊಳ್ಳುತ್ತದೆ ಎಂಬ ಮಾತು ಹುಟ್ಟಿತು. ಬೀಗ ಹಾಕಿದ ಮೂಲೆಮನೆಯ ಮುಂದೆ ಹಾಯುವಾಗ ಮಕ್ಕಳು ಓಡುತ್ತಿದ್ದರು. ಒಂದು ಸಂಜೆ ತುಂಗಮ್ಮ, ಯಾರ ಮುಖವನ್ನೂ ನೋಡದೆ, ಧರ್ಮೇಶನಿಗೆ ರಸ್ತೆ ಬಿಟ್ಟುಕೊಡುವ ಮಾತಾಯಿತು ಎಂದರು. ನಾಗೇಶನಿಗೂ ಈಗ ಅದರಲ್ಲಿ ಲಾಭ ಕಂಡಿತ್ತು. ನಮ್ಮ ತೋಟಕ್ಕೂ ಲಾರಿ ಬರುತ್ತದೆ ಎಂದ. ಗುರುವಾರ ಜೆಸಿಬಿ ಬರುವುದೆಂದಾಯಿತು.

"ದ್ಯಾವಮ್ಮ ವಾಪಸ್ ಬಂದ್ರೆ?" ಎಂದಳು ಮೇಘಶ್ರೀ.

"ಅವಳಿರೋ ಮನೆ ಒಡಿಯಕ್ಕೆ ನನ್ ಕೈಲಿ ಆಗಲ್ಲ" ಎಂದರು ತುಂಗಮ್ಮ. "ಅವಳು ಬರಲ್ಲ."

ಬುಧವಾರ ಬೆಳಗ್ಗೆ, ಬಟ್ಟೆ ಹೊಲಿಯಲು ಕೊಡುವುದಿದೆ ಎಂದು ಹೇಳಿ ಮೇಘಶ್ರೀ ಕಳಸದ ಬಸ್ಸು ಹತ್ತಿದಳು. ಒಬ್ಬಳೇ ಅಷ್ಟು ದೂರ ಹೋದದ್ದು ಅದೇ ಮೊದಲು.

ದೇವೀರಮ್ಮನ ಮನೆ ಅಡಿಕೆ ಸುಲಿಯುವ ಶೆಡ್ಡಿನ ಹಿಂದೆ. ಹಿತ್ತಲ ಕಡೆ ಕಲ್ಲಿನ ಮೇಲೆ ಕೂತಿದ್ದ ದ್ಯಾವಮ್ಮ ಅವಳನ್ನು ನೋಡಿ ಎದ್ದಳು, ಮುಖ ಅರಳಿತು, ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಆ ಹಿಂದಿನ ಹೆಜ್ಜೆಯನ್ನು ಮೇಘಶ್ರೀ ನೋಡಿದಳು. ತನ್ನ ನೆರಳು ಹುಡುಗಿಗೆ ತಾಗದಿರಲಿ ಎಂಬಂತಿತ್ತು ಅದು.

ಮೇಘಶ್ರೀ ಎಲ್ಲ ಹೇಳಿದಳು. ಡ್ರೋನ್, ಕೊಕ್ಕೆ, ಸ್ಟೇಷನ್.

"ಅದಕ್ಕೆ ರೂಲು ಇದೆಯಾ ಮಗ?"

"ಇದೆ. ದಂಡ ಹಾಕಿದ್ರು."

"ದಂಡ ಯಾರಿಗೆ ಕೊಟ್ಟ?"

"ಸರ್ಕಾರಕ್ಕೆ."

ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. "ಸರ್ಕಾರದ ಕಣದಲ್ಲಿ ಬಿದ್ದಿತ್ತಾ ನಿಂಬೆಹಣ್ಣು!" ನಗು ನಿಂತ ಮೇಲೆ ಸೆರಗಿನ ತುದಿ ತಿರುಚುತ್ತ ಕೂತಳು. "ನಿಂಗೊಂದು ಹೇಳ್ತೀನಿ, ಯಾರ ಹತ್ರನೂ ಹೇಳ್ಬೇಡ. ಒಂದೊಂದು ಸಲ ನಂಗೇ ಅನ್ಸ್ತದೆ. ನಿದ್ದೆಲಿ ನಾನೇ ಎದ್ದು ಎಂತಾದ್ರೂ ಮಾಡಿದ್ನಾ ಅಂತ. ಅಷ್ಟು ಜನ ಸುಳ್ಳು ಹೇಳ್ತಾರಾ? ಇಲ್ಲಿ ದೇವೀರಮ್ಮನ ಮಗುಗೆ ಕೆಮ್ಮು ಬಂದ್ರೂ ನನ್ ಕೈ ನಾನೇ ನೋಡ್ಕತೀನಿ."

"ಅಲ್ಲ ದ್ಯಾವಮ್ಮ! ನಾನು ಕಣ್ಣಾರೆ ನೋಡಿದ್ದು!"

"ಮೊದ್ಲೂ ನೀ ಕಣ್ಣಾರೆ ನೋಡಿದ್ದೇ ಅಲ್ವಾ ಮಗ."

ಚುಚ್ಚಲು ಆಡಿದ ಮಾತಲ್ಲ ಅದು. ಮೇಘಶ್ರೀಗೆ ತಲೆ ಎತ್ತಲಾಗಲಿಲ್ಲ.

"ನಾಳೆ ಜೆಸಿಬಿ ಬರ್ತದೆ. ಇವತ್ತೇ ನನ್ ಜೊತೆ ಬನ್ನಿ" ಎಂದಳು.

"ನಿಮ್ಮವ್ವ ಕರೆದ್ರಾ?"

ಮೇಘಶ್ರೀ ಕಾಲಡಿಯ ಅಡಿಕೆ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು.

"ಅವ್ರು ಒಂದು ಮಾತು ಬಾ ಅಂದ್ರೆ ಸಾಕು, ನಡ್ಕಂಡೇ ಬರ್ತೀನಿ. ನಂಗೆ ಮನೆಯಲ್ಲ ಮಗ ಬೇಕಾಗಿದ್ದು." ದ್ಯಾವಮ್ಮ ಎದ್ದಳು. "ಕಾಫಿ ಕುಡಿತೀಯಾ? ಬೇಡಾಂದ್ರೆ ಬೇಡ."

"ಕುಡಿತೀನಿ."

ಮುದುಕಿ ಕಾಫಿ ಕಾಸಿ, ಅಕ್ಕಿರೊಟ್ಟಿಯ ಚೂರಿನ ಜೊತೆ ತಂದುಕೊಟ್ಟು, ಅವಳು ಕುಡಿಯುವುದನ್ನೇ ನೋಡುತ್ತ ನಿಂತಳು, ಕೊನೆಯ ಗುಟುಕಿನ ತನಕ.

ಬಸ್ಸಿನಲ್ಲಿ ಮೇಘಶ್ರೀ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಳು. ಅವ್ವಾ, ದ್ಯಾವಮ್ಮನ ಮನೆಗೆ ಹೋಗಿದ್ದೆ. ಅವರ ಕೈಯಿಂದ ಕಾಫಿ ಕುಡಿದೆ, ರೊಟ್ಟಿ ತಿಂದೆ. ನೋಡು, ನನಗೇನಾಗಿದೆ? ನೀನು ಒಂದು ಮಾತು ಕರಿ. ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ ಎಂದು ಅವಳಿಗೆ ಧೈರ್ಯ ಬಂದಿತ್ತು. ಗುಡ್ಡದ ತಿರುವುಗಳು ಶುರುವಾದವು. ಹೊಟ್ಟೆಯಲ್ಲಿ ಏನೋ ಮಗುಚಿದ ಹಾಗಾಯಿತು. ತಿರುವಿನ ರಸ್ತೆಯಲ್ಲಿ ಎಲ್ಲರಿಗೂ ಆಗುವುದೇ. ಅವಳು ಅಂಗೈಯನ್ನು ಹೊಟ್ಟೆಯ ಮೇಲಿಟ್ಟುಕೊಂಡಳು. ರೊಟ್ಟಿಯ ರುಚಿ ಗಂಟಲಿಗೆ ಬಂತು. ಸ್ವಲ್ಪ ಕಹಿ ಇತ್ತಲ್ಲವೇ? ಇತ್ತೇ? ಮುದುಕಿ ಕೊನೆಯ ಗುಟುಕಿನ ತನಕ ಯಾಕೆ ನೋಡುತ್ತ ನಿಂತಿದ್ದಳು? ಛೆ ಎಂದು ತಲೆ ಕೊಡವಿದಳು. ಜೇಡದ ಹಾಗೆ ಇಳಿದ ಯಂತ್ರವನ್ನು ನೆನೆಸಿಕೊಂಡಳು. ಅದು ಬಂದದ್ದನ್ನು ಈ ಕಣ್ಣೇ ನೋಡಿದ್ದು. ಹೊಟ್ಟೆ ಮತ್ತೆ ಮಗುಚಿತು.

ತುಂಗಮ್ಮ ಬಾಗಿಲಲ್ಲೇ ಕೂತಿದ್ದರು. ಜೀಪಿನವನಿಂದ ಸುದ್ದಿ ಮೊದಲೇ ಮುಟ್ಟಿತ್ತು.

"ಕಳಸಕ್ಕೆ ಹೋಗಿದ್ಯಾ?"

"ಹೂಂ."

ಅವ್ವ ಬಯ್ಯಲಿಲ್ಲ. ಎದ್ದು ಬಂದು ಮಗಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಅವರ ಬೆರಳು ತಣ್ಣಗಿತ್ತು.

"ಬಣ್ಣ ಯಾಕೆ ಹಿಂಗಾಗಿದೆ? ಮೇಘಾ, ನಿಜ ಹೇಳು. ಅವಳ ಕೈಯಿಂದ ಎಂತಾದ್ರೂ ತಿಂದ್ಯಾ?"

ಜೋಡಿಸಿಟ್ಟ ಮಾತೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಈಗ ಹೇಳಿದರೆ, ನಗುತ್ತ ಹೇಳಿದರೆ, ನಾಳೆಯ ಜೆಸಿಬಿ ನಿಂತರೂ ನಿಲ್ಲಬಹುದು. ಆದರೆ ಅವ್ವನ ಕಣ್ಣಿನಲ್ಲಿ ತನ್ನ ಮುಖ ಸಣ್ಣಗೆ, ಬಿಳಿಚಿಕೊಂಡು ಕಾಣುತ್ತಿತ್ತು. ಹೌದು ಎಂದರೆ ಆ ಕಣ್ಣು ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೌದು ಎಂದ ಕೂಡಲೇ ತನ್ನ ಹೊಟ್ಟೆಯೊಳಗಿನದು ನಿಜವಾಗಿಬಿಡುತ್ತದೆ ಎಂದು ಭಯವಾಯಿತು.

"ಇಲ್ಲ" ಎಂದಳು.

"ನೀರು?"

"ನೀರೂ ಕುಡಿದಿಲ್ಲ."

"ಸದ್ಯ" ಎಂದು ತುಂಗಮ್ಮ ಅವಳನ್ನು ಎದೆಗೊತ್ತಿಕೊಂಡರು. "ನೀನೇ ಅವಳ ಮನೇಲಿ ನೀರು ಮುಟ್ಟಲಿಲ್ಲ ಅಂದ್ಮೇಲೆ, ನಿಂಗೂ ಗೊತ್ತಾಗಿದೆ ಬಿಡು."